ಹೆಪ್ಪು ನನ್ನದು, ಅಪವಾದ ರೂಪಾಳದು

ನನ್ನ ತಮ್ಮನಿಗೆ ಆ ದಿನ ಕದ್ದು ಅಂಬಲಿ ಕುಡಿಸಿದವಳು ನಾನು. ಅವನು ಆಸ್ಪತ್ರೆ ಸೇರಿದಾಗ ಬಾಯಿ ಮುಚ್ಚಿಕೊಂಡು, ತಪ್ಪು ಅವನ ಹೆಂಡತಿ ರೂಪಾಳ ಅಡಿಗೆಯ ಮೇಲೆ ಬೀಳಲು ಬಿಟ್ಟವಳೂ ನಾನೇ. ಇದು ಊಟದಿಂದ ಆದದ್ದೇ ಅಲ್ಲ ಎಂದು ಡಾಕ್ಟರು ನನ್ನೊಬ್ಬಳಿಗೆ ಬಿಡಿಸಿ ಹೇಳಿದ ಮೇಲೂ ಆ ಮಾತನ್ನು ನುಂಗಿಕೊಂಡು ಕುಳಿತವಳು — ಅದೂ ನಾನೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಅವನಿಗಿಂತ ಗಟ್ಟಿಗಿತ್ತಿ, ಎರಡು ವರ್ಷ ಹೆಗಲ ಕಡೆ ಕೈಯನ್ನೇ ಒಯ್ಯಲಿಲ್ಲ. ಮೇಲಾಗಿ ಅವಳ ಮನೆಗೇ ಹೋಗಿ, ನಮ್ಮವ್ವನ ಪಕ್ಕದಲ್ಲಿ ಕಾಲು ಚಾಚಿ ಕುಳಿತು, 'ಹೋಗ್ಲಿ ಬಿಡವ್ವ, ಅವಳೇನು ಬೇಕಂತ ಮಾಡಿದ್ಲಾ' ಎಂದು ಅವಳ ಪರ ವಹಿಸಿದವಳಂತೆ ಮಾತಾಡಿ ಒಳ್ಳೆಯವಳೆನಿಸಿಕೊಂಡು ಬಂದಿದ್ದೇನೆ. ನೆನೆದರೆ ಈಗಲೂ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ನನ್ನ ಹೆಸರು ಗಿರಿಜಾ. ಹೊಸದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಅಂಗನವಾಡಿ ಟೀಚರ್. ಕೈ ತೊಳೆದು ಊಟ ಮಾಡಿ, ನೀರು ಕುದಿಸಿ ಆರಿಸಿ ಕುಡಿಯಿರಿ, ಹಸಿಯದನ್ನು ತೊಳೆಯದೆ ತಿನ್ನಬೇಡಿ — ಇದನ್ನೇ ದಿನಕ್ಕೆ ಹತ್ತು ಸಲ ಮಕ್ಕಳಿಗೂ ಅವರ ತಾಯಂದಿರಿಗೂ ಹೇಳಿ ಸಂಬಳ ತೆಗೆದುಕೊಳ್ಳುವವಳು. ಆದ್ದರಿಂದ, ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿ ನನಗಿಲ್ಲ.

ತಮ್ಮ ಮಂಜುನಾಥ ಚಿತ್ರದುರ್ಗದಿಂದ ಹೊಳಲ್ಕೆರೆ ಮೇಲೆ ಹೊಸದುರ್ಗಕ್ಕೆ ಬರುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ. ಏನು ಗಂಟಲು ಅಂತೀರಿ! ಫುಟ್‌ಬೋರ್ಡಿನ ಮೇಲೆ ನಿಂತು 'ಹೊಳಲ್ಕೆರೆ ಹೊಸದುರ್ಗ, ಹೊಸದುರ್ಗ ಹೊಸದುರ್ಗ!' ಎಂದು ಕೂಗಿದರೆ ಎದುರು ರಸ್ತೆಯ ಹೋಟೆಲಿನಲ್ಲಿ ಟೀ ಕುಡಿಯುತ್ತಿದ್ದವರು ಲೋಟ ಅಲ್ಲೇ ಬಿಟ್ಟು ಓಡಿ ಬರುತ್ತಿದ್ದರು. ರೂಪಾ ಹೊಳಲ್ಕೆರೆಯವಳು. ದುರ್ಗದ — ನಮಗೆ ದುರ್ಗ ಎಂದರೆ ಚಿತ್ರದುರ್ಗವೇ — ಕಾಲೇಜಿಗೆ ಇದೇ ಬಸ್ಸಿನಲ್ಲಿ ಓಡಾಡುತ್ತಿದ್ದವಳು. ಮಿಕ್ಕಿದ್ದನ್ನು ಬೇರೆ ಹೇಳಬೇಕಾಗಿಲ್ಲ. ಮದುವೆಯಾಗಿ ಮೂರು ವರ್ಷಕ್ಕೆ ಮಂಜುನಿಗೆ ರಕ್ತದ ಕ್ಯಾನ್ಸರ್ ಬಂತು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಕಾಂಡಕೋಶ ಕಸಿ ಮಾಡಬೇಕು ಎಂದರು — ನಮ್ಮ ಕಡೆ ಎಲ್ಲರೂ ಅದಕ್ಕೆ ಬೋನ್ ಮ್ಯಾರೋ ಎನ್ನುತ್ತಾರೆ. ನನ್ನದು ಅವನಿಗೆ ಹೊಂದಿತು. ಕೆಲವು ದಿನ ಸೂಜಿ ಚುಚ್ಚಿಸಿಕೊಂಡೆ, ಮೂಳೆ ಮೂಳೆಯೂ ನೋಯಿತು. ಆಮೇಲೆ ಮಲಗಿಸಿ, ಒಂದು ಕೈಯಿಂದ ರಕ್ತ ತೆಗೆದು ಯಂತ್ರದಲ್ಲಿ ಸೋಸಿ ಇನ್ನೊಂದು ಕೈಗೆ ವಾಪಸು ಬಿಟ್ಟರು. ಕೊನೆಗೆ ಸಿಕ್ಕಿದ್ದು ಒಂದು ಪುಟ್ಟ ಚೀಲ, ಟೊಮೇಟೊ ಸಾರಿನ ಬಣ್ಣದ್ದು. ಅಷ್ಟೇನಾ ಎಂದು ಅವ್ವ ಬೆರಗಾದಳು. 'ಹೆಪ್ಪು ಎಷ್ಟು ಬೇಕವ್ವ? ಒಂದು ಚಮಚ ಹಾಕಿದ್ರೆ ಗಡಿಗೆ ಹಾಲು ಮೊಸರಾಗಲ್ವಾ? ಇದೂ ಹಂಗೇ' ಎಂದೆ. ಅವ್ವನಿಗೆ ತಟ್ಟನೆ ಅರ್ಥವಾಯಿತು. ನನಗೂ ಹಾಗೆ ಹೇಳಿದ ಮೇಲೇ ಸರಿಯಾಗಿ ಅರ್ಥವಾದಂತಾಯಿತು. ಅಲ್ಲೇ ಎಡವಿದ್ದು.

ಯಾಕೆಂದರೆ ಹೆಪ್ಪು ನಮ್ಮಲ್ಲಿ ಬರೀ ಹೆಪ್ಪಲ್ಲ. ನಾನು ಮದುವೆಯಾಗಿ ತವರೂರು ಹರಿಯಬ್ಬೆಯಿಂದ ಹೊರಟಾಗ ಅವ್ವ ಉಡಿ ತುಂಬಿದ ಮೇಲೆ ಒಂದು ಪುಟ್ಟ ತಂಬಿಗೆಯಲ್ಲಿ ಹೆಪ್ಪು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಕೈಗೆ ಕೊಟ್ಟಿದ್ದಳು. 'ಎಲ್ಲಿಗೆ ಹೋದ್ರೂ ನಮ್ಮನೆ ಮಜ್ಜಿಗೇನೆ ಉಣ್ತೀಯ' ಎಂದಿದ್ದಳು. ಆ ಹೆಪ್ಪು ಇವತ್ತಿನವರೆಗೂ ನನ್ನ ಮನೆಯಲ್ಲಿ ಸತ್ತಿಲ್ಲ. ಹಾಲು ಯಾರ ಮನೆಯದಾದರೇನು, ಹೆಪ್ಪು ಯಾರದೋ ಮೊಸರು ಅವರದು — ಇದು ನಾವು ನಂಬಿಕೊಂಡು ಬಂದದ್ದು. ಕಸಿಯಾಗಿ ಕೆಲವು ತಿಂಗಳಿಗೆ ಮಂಜುನ ರಕ್ತದ ಗುಂಪೇ ಬದಲಾಗಿ ನನ್ನ ಗುಂಪಾಯಿತು ನೋಡಿ, ನಾನು ನೆಲದ ಮೇಲೆ ನಿಲ್ಲಲಿಲ್ಲ. ಮಹಿಳಾ ಸಂಘದವರು ಶಾಲು ಹೊದಿಸಿದರು. ಹೊಸದುರ್ಗದ ಸಂತೆಯಲ್ಲಿ ಯಾರೋ 'ಇವ್ರೇ ಕಣೆ, ತಮ್ಮನ ಜೀವ ಉಳಿಸಿದೋರು' ಎಂದು ಪಿಸುಗುಟ್ಟಿದರೆ ಕೇಳಿಸದವಳಂತೆ ಇನ್ನೂ ನಿಧಾನವಾಗಿ ನಡೆಯುತ್ತಿದ್ದೆ. ಒಳ್ಳೆಯ ಕೆಲಸ ಮಾಡಿದ್ದು ಹೌದು. ಆದರೆ ಅದು ನನ್ನ ತಲೆಗೇರಿತ್ತು.

ನೂರು ದಿನ ಬೆಂಗಳೂರಿನಲ್ಲಿ ಕಳೆದು ಮಂಜು, ರೂಪಾ ದುರ್ಗದ ಚಂದ್ರವಳ್ಳಿ ದಾರಿಯಲ್ಲಿರುವ ತಮ್ಮ ಬಾಡಿಗೆ ಮನೆಗೆ ಬಂದರು. ರೂಪಾ ಆ ಮನೆಯನ್ನು ಆಸ್ಪತ್ರೆಯಂತೆ ನಡೆಸುತ್ತಿದ್ದಳು. ಗೋಡೆಗೆ ಪಟ್ಟಿ ಅಂಟಿಸಿದ್ದಳು: ಮೊಸರು ಮಜ್ಜಿಗೆ ಇಲ್ಲ, ಹಸಿ ಈರುಳ್ಳಿ ಇಲ್ಲ, ಹೊರಗಿನ ತಿಂಡಿ ಇಲ್ಲ. ಹೋದವರು ಚಪ್ಪಲಿಯ ಜೊತೆಗೆ ಮಾತನ್ನೂ ಹೊರಗೇ ಬಿಟ್ಟು, ಮಾಸ್ಕ್ ಹಾಕಿಕೊಂಡು ದೂರ ಕೂರಬೇಕು. ಒಂದು ಸಲ ನನಗೂ ಕೈ ತೊಳೆದು ಬರುವಂತೆ ಹೇಳಿದಳು. 'ಏನಮ್ಮ ರೂಪಾ, ನಮ್ಮ ಅಂಗನವಾಡಿಗೆ ಇನ್ಸ್‌ಪೆಕ್ಷನ್‌ಗೆ ನಿನ್ನನ್ನೇ ಕಳಿಸ್ಬೇಕು' ಎಂದು ನಕ್ಕೆ. ಒಳಗೆ ಮಾತ್ರ ಕುಟುಕಿತ್ತು. ಅವನ ಮೈಯಲ್ಲಿ ಓಡುತ್ತಿರುವುದೇ ನನ್ನ ರಕ್ತ, ನನ್ನ ಕೈಗೆ ಇವಳ ಸೋಪು ಬೇಕೇ ಎಂದು.

ಆರನೇ ತಿಂಗಳ ಹೊತ್ತಿಗೆ ಮಂಜುನಿಗೆ ಭೇದಿ ಶುರುವಾಯಿತು, ಮೈಮೇಲೆ ಕೆಂಪು ಗಂಧೆ ಎದ್ದಿತು. ಕಸಿಯಾದವರಿಗೆ ಬರುವಂಥದ್ದೇ ಎಂದು ಸ್ಟೀರಾಯ್ಡ್ ಮಾತ್ರೆ ಕೊಟ್ಟರು. ಭೇದಿ ನಿಂತಿತು. ಮುಖ ಊದಿತು, ಬಾಯೆಲ್ಲ ಹುಣ್ಣಾಯಿತು, ಒಣಕೆಮ್ಮು ಹತ್ತಿಕೊಂಡಿತು. ರೂಪಾ ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ಸೊಪ್ಪಿನ ಸಾರು ಕಿವುಚಿ ಮುಂದಿಟ್ಟರೆ ಎರಡು ತುತ್ತಿಗೆ ತಟ್ಟೆ ಸರಿಸುತ್ತಿದ್ದ.

ಒಂದು ಭಾನುವಾರ ಬೆಳಗ್ಗೆ ನಾನು ಹೋದಾಗ ರೂಪಾ ಮಾತ್ರೆ ತರಲು ಮೆಡಿಕಲ್ ಸ್ಟೋರಿಗೆ ಹೊರಟಿದ್ದಳು. 'ಅಕ್ಕ, ಒಂದು ತಾಸು, ಇವ್ರನ್ನ ನೋಡ್ಕಳ್ರಿ' ಎಂದು ಹೋದಳು. ನಂಬಿ ಹೋದಳು.

ನನ್ನ ಚೀಲದಲ್ಲಿ ಮಜ್ಜಿಗೆಯ ಸ್ಟೀಲ್ ಕ್ಯಾನ್ ಇತ್ತು. ಹಿಂದಿನ ವಾರ ಫೋನಿನಲ್ಲಿ ಮಂಜು 'ಅಕ್ಕ, ಬಾಯೆಲ್ಲ ಬೆಂಕಿ. ನಿಮ್ಮನೆ ಮಜ್ಜಿಗೆ ಹಾಕಿ ಒಂದು ಲೋಟ ಅಂಬಲಿ ಕೊಟ್ರೆ ಸತ್ರೂ ಪರವಾಗಿಲ್ಲ' ಎಂದಿದ್ದ. ಹಾಗನ್ನಬೇಡ ಕಣೋ ಎಂದು ಬೈದಿದ್ದೆ, ಆದರೂ ಕ್ಯಾನ್ ತುಂಬಿಕೊಂಡೇ ಬಂದಿದ್ದೆ. ಸ್ಟೀರಾಯ್ಡ್ ಎಂದರೆ ಉಷ್ಣ, ಉಷ್ಣಕ್ಕೆ ಅಂಬಲಿ ತಂಪು, ಇಷ್ಟಕ್ಕೂ ಅವನ ಒಳಗಿರುವ ಹೆಪ್ಪು ನನ್ನದು — ನನಗೆ ಒಗ್ಗಿದ್ದು ಅವನಿಗೆ ಯಾಕೆ ಒಗ್ಗುವುದಿಲ್ಲ? ಇದು ನನ್ನ ಲೆಕ್ಕಾಚಾರ. ರೂಪಾಳ ಒಲೆಯ ಮೇಲೆ ರಾಗಿಹಿಟ್ಟು ಕುದಿಸಿ ಆರಿಸಿ, ಮಜ್ಜಿಗೆ ಸುರಿದು, ಹಸಿ ಈರುಳ್ಳಿ ಹೆಚ್ಚಿ ಹಾಕಿ, ಉಪ್ಪು ಕಲಸಿ ಕೊಟ್ಟೆ. ಒಂದೇ ಉಸಿರಿಗೆ ಕುಡಿದ. ಇನ್ನೊಂದು ಲೋಟ ಕೇಳಿದ, ಕೊಟ್ಟೆ. ಎಷ್ಟೋ ತಿಂಗಳ ಮೇಲೆ ಅವನ ಮುಖದಲ್ಲಿ ಸುಖ ಕಂಡೆ, ಸುಳ್ಳು ಯಾಕೆ ಹೇಳಲಿ.

'ಲೇ, ರೂಪಾಗೆ ಹೇಳ್ಬೇಡ' ಎಂದೆ.

'ನಿನ್ನಾಣೆ ಹೇಳಲ್ಲಕ್ಕ.'

ಲೋಟ ತೊಳೆದಿಟ್ಟೆ. ಪಾತ್ರೆ ಉಜ್ಜಿ, ಒರೆಸಿ, ಇದ್ದಲ್ಲೇ ಇಟ್ಟೆ. ಈರುಳ್ಳಿ ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ನನ್ನ ಚೀಲಕ್ಕೆ ಹಾಕಿಕೊಂಡೆ. ಆ ಸಿಪ್ಪೆ ನನ್ನ ಜೊತೆಗೇ ಬಸ್ಸು ಹತ್ತಿ ಹೊಸದುರ್ಗಕ್ಕೆ ಬಂತು. ತಪ್ಪಲ್ಲ ಎಂದು ನಿಜವಾಗಿ ನಂಬಿದ್ದವಳು ಸಿಪ್ಪೆಯನ್ನು ಯಾಕೆ ಹೊತ್ತು ತರುತ್ತಿದ್ದಳು ಎಂದು ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ.

ಮೂರನೇ ದಿನ ರೂಪಾ ಫೋನ್ ಮಾಡಿದಳು. ಹೊಟ್ಟೆ ಉಬ್ಬಿದೆ, ಕುತ್ತಿಗೆ ಊದಿದೆ, ದನಿ ಏನೋ ಆಗಿದೆ ಎಂದಳು. ಓಡಿದೆ. ಮಂಜು ದಿಂಬಿಗೆ ಒರಗಿ ಕುಳಿತಿದ್ದ. 'ಅಕ್ಕ' ಎಂದದ್ದು ಅವನ ಗಂಟಲೇ ಅಲ್ಲ, ಮೂಗಿನಿಂದ ಬಂದ ಸಣ್ಣ ದನಿ. ಕುತ್ತಿಗೆ ನೀವಲು ಕೈಯಿಟ್ಟರೆ ಚರ್ಮದ ಕೆಳಗೆ ಚರಚರ ಅಂದಿತು — ಮಂಡಕ್ಕಿ ಚೀಲ ಒತ್ತಿದ ಹಾಗೆ. ನನ್ನ ಕೈ ಬೆಂಕಿ ಮುಟ್ಟಿದಂತೆ ಹಿಂದೆ ಬಂತು. ದುರ್ಗದ ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡಿ ತಕ್ಷಣ ಬೆಂಗಳೂರಿಗೆ ಕರೆದೊಯ್ಯಿರಿ ಎಂದರು. ಆಂಬ್ಯುಲೆನ್ಸಿನಲ್ಲಿ ಹಿರಿಯೂರು ದಾಟುವಾಗ, ಹರಿಯಬ್ಬೆಯಿಂದ ಬಂದು ರಸ್ತೆಯಲ್ಲಿ ಕಾದಿದ್ದ ಅವ್ವನೂ ಹತ್ತಿಕೊಂಡಳು.

ಸ್ಕ್ಯಾನ್ ಮಾಡಿ ಹೇಳಿದರು: ಕರುಳಿನ ಗೋಡೆಯ ಒಳಗೆ ಗಾಳಿ ಸೇರಿದೆ, ಶ್ವಾಸಕೋಶದಿಂದ ಸೋರಿದ ಗಾಳಿ ಎದೆಯ ನಡುವೆ ತುಂಬಿ ಕುತ್ತಿಗೆಗೂ ಏರಿದೆ. ಎರಡೂ ಒಟ್ಟಿಗೆ ಬರುವುದು ಬಲು ಅಪರೂಪ. ಕರುಳು ತೂತಾಗಿದ್ದರೆ ಆಪರೇಷನ್, ಇಲ್ಲದಿದ್ದರೆ ಕಾಯಬೇಕು.

ಆಮೇಲೆ ಡಾಕ್ಟರು — ನಡುವಯಸ್ಸಿನ ಹೆಂಗಸು, ಸಮಾಧಾನದ ಮಾತು — ನಮ್ಮೆಲ್ಲರನ್ನೂ ನೋಡಿ, 'ಹಸಿಯದು, ಹೊರಗಿನದು, ಮೊಸರು ಮಜ್ಜಿಗೆ ಏನಾದರೂ ಕೊಟ್ಟಿದ್ದೀರಾ?' ಎಂದು ಕೇಳಿದರು.

ನಾನು ತಿರುಗಿ ರೂಪಾಳ ಮುಖ ನೋಡಿದೆ. ರೂಪಾ ಹೇಳಿದಳು: 'ಇಲ್ಲ ಡಾಕ್ಟ್ರೇ. ನನ್ನ ಕೈ ಅಡಿಗೆ ಬಿಟ್ಟು ಬೇರೆ ಏನೂ ತಿಂದಿಲ್ಲ.'

ಅವಳು ನಿಜವೆಂದು ನಂಬಿ ಹೇಳಿದ ಮಾತೇ ಅವಳಿಗೆ ಉರುಲಾಯಿತು. ಡಾಕ್ಟರು ಹೋದ ಮೇಲೆ ಅವ್ವ ಅವಳ ಕಡೆ ತಿರುಗಿ, 'ಹಂಗಾರೆ ನಿನ್ನ ಕೈಯಿಂದ್ಲೇ ಆಗಿರ್ಬೇಕಲ್ಲ. ಅಕ್ಕ ಜೀವ ಕೊಟ್ಲು, ನೀನು ಅದನ್ನ ಕಾಯ್ಕಳ್ಳಾಕೂ ಆಗ್ಲಿಲ್ಲ' ಎಂದಳು. ಅಷ್ಟಕ್ಕೇ ಬಿಡದೆ ಹೊಳಲ್ಕೆರೆಗೆ ಫೋನ್ ಮಾಡಿ ರೂಪಾಳ ತಾಯಿಗೆ 'ನಿಮ್ಮ ಮಗಳ ಕೈ ಶುದ್ಧ ಇಲ್ಲ' ಎಂದೂ ಹೇಳಿದಳು. ಪಕ್ಕದ ಕುರ್ಚಿಯಲ್ಲೇ ನಾನಿದ್ದೆ. ರೂಪಾ ತನ್ನ ಎರಡು ಕೈಗಳನ್ನೂ ಮಡಿಲಲ್ಲಿಟ್ಟುಕೊಂಡು ಅವನ್ನೇ ನೋಡುತ್ತಿದ್ದಳು.

ಎರಡು ದಿನ ತಡೆದೆ. ತಡೆಯಲಾಗದೆ ಮೂರನೇ ದಿನ ಡಾಕ್ಟರ ಕೋಣೆಗೆ ಒಬ್ಬಳೇ ಹೋಗಿ ಬಾಗಿಲು ಹಾಕಿ ಎಲ್ಲವನ್ನೂ ಹೇಳಿದೆ. ಅವರು ಮೊದಲು ಬೈದರು, ಚೆನ್ನಾಗಿಯೇ ಬೈದರು. 'ಇದನ್ನು ನಾನು ಕೇಳಿದ ದಿನವೇ ಹೇಳಬೇಕಿತ್ತು. ಸೋಂಕು ತಗುಲಿದ್ದರೆ ಯಾವುದಕ್ಕೆ ಔಷಧ ಕೊಡಬೇಕೆಂದು ನಮಗೆ ಗೊತ್ತಾಗೋದು ಹೇಗೆ?' ಅಲ್ಲೇ ಫೋನ್ ಎತ್ತಿ ಇನ್ನೂ ಒಂದೆರಡು ಪರೀಕ್ಷೆ ಬರೆಸಿದರು. ಮತ್ತೆ ನಾಲ್ಕು ದಿನ ಬಿಟ್ಟು ಅವರೇ ಕರೆದರು. ಯಾವ ಸೋಂಕೂ ಸಿಕ್ಕಿಲ್ಲ, ಕರುಳು ತೂತಾಗಿಲ್ಲ, ಗಾಳಿ ಕಡಿಮೆಯಾಗುತ್ತಿದೆ ಎಂದರು. ನಾನು ಅಳುತ್ತಾ ಕೇಳಿದೆ — ಹಾಗಾದರೆ ಇದು ಯಾಕಾಯಿತು ಮೇಡಂ, ಒಳಗಿರೋದು ನನ್ನ ಹೆಪ್ಪಲ್ಲವೇ, ನನ್ನ ಮಜ್ಜಿಗೆ ಅವನಿಗೆ ಹೇಗೆ...

ಅವರು ನಕ್ಕರು. 'ಹೆಪ್ಪು ನಿಮ್ಮದು, ಸರಿ. ಆದರೆ ಪಾತ್ರೆ ಅವರದೇ ಅಲ್ವಾ? ನಿಮ್ಮ ಕಣಗಳು ಅವರ ಕರುಳನ್ನು, ಶ್ವಾಸಕೋಶವನ್ನು ಪರರದು ಅಂತ ತಿಳಿದು ಕೆರೆಯುತ್ತಾ ಇವೆ. ಅದನ್ನು ತಡೆಯೋಕೆ ಸ್ಟೀರಾಯ್ಡ್ ಕೊಟ್ವಿ, ಅದು ಕರುಳಿನ ಗೋಡೆಯನ್ನು ತೆಳುವಾಗಿಸುತ್ತೆ. ಎರಡೂ ಸೇರಿ ಹೀಗಾಗಿರಬೇಕು. ಎರಡು ಲೋಟ ಅಂಬಲಿಯಿಂದ ಇದು ಆಗೋದಿಲ್ಲ. ಹಾಗಂತ ಇನ್ನೊಂದು ಸಲ ಕೊಟ್ಟೀರಿ ಮತ್ತೆ! ಅದೃಷ್ಟಕ್ಕೆ ಬೇರೆ ಕಾಯಿಲೆ ಹತ್ತಲಿಲ್ಲ.' ನನ್ನ ಮುಖ ನೋಡಿ, 'ಅದು ನಿಮ್ಮ ತಪ್ಪಲ್ಲಮ್ಮ, ಕ್ಯಾನ್ಸರನ್ನು ಹೊಡೆದದ್ದೂ ಅದೇ ಕಣಗಳು' ಎಂದೂ ಹೇಳಿದರು. ಕೊನೆಗೆ ಬಾಗಿಲವರೆಗೂ ಬಂದು ಹೇಳಿದ ಮಾತು ಇದು: 'ಅವರ ಹೆಂಡತಿ ತುಂಬಾ ಕುಗ್ಗಿದ್ದಾರೆ. ಊಟದಿಂದ ಆದದ್ದಲ್ಲ ಅಂತ ಮನೆಯವರಿಗೆಲ್ಲ ಹೇಳಿಬಿಡಿ.'

ಮೆಟ್ಟಿಲಿಳಿದು ಬಂದೆ. ಅವ್ವ, ರೂಪಾ ಇಬ್ಬರೂ ಎದ್ದು ನಿಂತರು. ಏನಂದ್ರು ಎಂದು ಕೇಳಿದರು.

'ಕಡಿಮೆ ಆಗ್ತಾ ಐತಂತೆ' ಎಂದೆ. ಅಷ್ಟೇ.

ಅಂಬಲಿ ಕೊಟ್ಟದ್ದು ಮೂರ್ಖತನ. ಡಾಕ್ಟರು ಕೇಳಿದಾಗ ಸುಮ್ಮನಿದ್ದದ್ದು ಹೆದರಿಕೆ. ಆದರೆ ಇದು... ಇದಕ್ಕೆ ನನ್ನ ಬಳಿ ಹೆಸರಿಲ್ಲ. ಬಾಯಿ ತೆರೆದರೆ ನನ್ನ ರಕ್ತವೇ ತಮ್ಮನ ಕರುಳನ್ನು ಕೆರೆಯುತ್ತಿದೆ ಎಂದು ಹೇಳಬೇಕಾಗುತ್ತಿತ್ತು. ಶಾಲು ಹೊದಿಸಿಕೊಂಡ ಅಕ್ಕ ನಾನು! ಅದಕ್ಕಿಂತ ರೂಪಾಳ ಸೊಪ್ಪಿನ ಸಾರೇ ಇರಲಿ ಅನ್ನಿಸಿತು. ಆ ಗಳಿಗೆಯಲ್ಲಿ ಹಾಗೇ ಅನ್ನಿಸಿತು, ಮೆಟ್ಟಿಲ ಕೆಳಗೆ, ಅವಳ ಮುಖ ನೋಡುತ್ತಲೇ.

ಮಂಜುನ ಬಾಯಿಗೆ ಏನೂ ಹಾಕದೆ, ಡ್ರಿಪ್ಪಿನಲ್ಲೇ ಇಟ್ಟು, ಆಕ್ಸಿಜನ್ ಕೊಟ್ಟು, ಆಪರೇಷನ್ ಇಲ್ಲದೆಯೇ ಗುಣಪಡಿಸಿದರು. ಮೂರು ವಾರಕ್ಕೆ ಮನೆಗೆ ಬಂದ. ಶ್ವಾಸಕೋಶ ಮಾತ್ರ ಮೊದಲಿನಂತಾಗಲಿಲ್ಲ. ಸೇದುವ ಔಷಧ ಕಾಯಂ ಆಯಿತು. ಫುಟ್‌ಬೋರ್ಡ್ ಬಿಟ್ಟು ಬಸ್ಸಿನ ಮಾಲೀಕರ ಟಿಕೆಟ್ ಕೌಂಟರಿನಲ್ಲಿ ಕೂರುವಂತಾದ. ಅವ್ವ ಹರಿಯಬ್ಬೆಯ ಮನೆಯನ್ನು ಚಿಕ್ಕಪ್ಪನಿಗೆ ವಹಿಸಿ ದುರ್ಗಕ್ಕೆ ಬಂದು ಅಡಿಗೆಮನೆ ಹಿಡಿದಳು. ರೂಪಾ ಪಾತ್ರೆ ತೊಳೆಯಬಹುದು, ಬಟ್ಟೆ ಒಗೆಯಬಹುದು. ಒಲೆ ಮುಟ್ಟುವಂತಿಲ್ಲ, ಗಂಡನ ತಟ್ಟೆಗೆ ಒಂದು ಸೌಟು ಬಡಿಸುವಂತಿಲ್ಲ. ಹೊಳಲ್ಕೆರೆಯಿಂದ ಅವಳ ತಾಯಿ ಬರುವುದು ನಿಂತಿತು, ಅವರು ಕಳಿಸುತ್ತಿದ್ದ ಚಟ್ನಿಪುಡಿ ಡಬ್ಬಿಯೂ ನಿಂತಿತು.

ಮಂಜುನೂ ಸುಮ್ಮನಿದ್ದ. ಅಂಬಲಿಯಿಂದಲೇ ತನಗೆ ಹಾಗಾದದ್ದು ಎಂದು ಅವನು ನಂಬಿದ್ದ. ನನ್ನ ಹೆಸರು ಹೇಳಲಿಲ್ಲ. ಜೀವ ಕೊಟ್ಟವಳ ಮೇಲೆ ಚಾಡಿ ಹೇಳುವುದು ಹೇಗೆ? ಅವನ ಬಾಯಿಗೆ ನನ್ನ ರಕ್ತದ ಬೀಗ ಬಿದ್ದಿತ್ತು, ಕೀಲಿ ನನ್ನ ಹತ್ತಿರವೇ ಇತ್ತು.

ರೂಪಾ ಕೈ ತೊಳೆಯಲು ಶುರುಮಾಡಿದ್ದು ಆಗ. ಒಂದು ಸಲ ತೊಳೆದು, ಮೂಸಿ ನೋಡಿ, ಮತ್ತೆ ತೊಳೆಯುವಳು. ಬಾಗಿಲು ತೆಗೆದರೆ ತೊಳೆಯುವಳು, ಗಂಡನಿಗೆ ಮಾತ್ರೆ ಬಿಡಿಸಿಕೊಡಬೇಕೆಂದರೆ ಮೂರು ನಾಲ್ಕು ಸಲ ನಲ್ಲಿಯ ಹತ್ತಿರ ಹೋಗಿ ಬರುವಳು. ಬೆರಳ ಸಂದಿ ಒಡೆದು ರಕ್ತ ಜಿನುಗುತ್ತಿತ್ತು. ನಾನು ಏನು ಮಾಡಿದೆ ಗೊತ್ತೇ? 'ಸೋಪು ಬದಲಾಯಿಸಮ್ಮ' ಎಂದು ಬುದ್ಧಿ ಹೇಳಿ, ಹೊಸದುರ್ಗದಿಂದ ಗಾಣದ ಕೊಬ್ಬರಿಎಣ್ಣೆ ತಂದುಕೊಟ್ಟೆ. ಅವಳು 'ನಿಮಗಾದ್ರೂ ನನ್ನ ಮೇಲೆ ಕನಿಕರ ಐತಲ್ಲ ಅಕ್ಕ' ಎಂದು ಎರಡು ಕೈಯಲ್ಲಿ ತೆಗೆದುಕೊಂಡಳು.

ಈ ಮಾತು ಬರೆದು ಸ್ವಲ್ಪ ಹೊತ್ತು ಎದ್ದುಹೋಗಿದ್ದೆ.

ಕಳೆದ ತಿಂಗಳು ಬೆಂಗಳೂರಿಗೆ ತೋರಿಸಲು ಹೋದಾಗ ಡಾಕ್ಟರು ಒಳ್ಳೆಯ ಸುದ್ದಿ ಕೊಟ್ಟರು. ಕರುಳು ಸ್ವಚ್ಛವಾಗಿದೆ, ಶ್ವಾಸಕೋಶ ಇದ್ದಷ್ಟರಲ್ಲೇ ಗಟ್ಟಿಯಾಗಿ ನಿಂತಿದೆ, ಸ್ಟೀರಾಯ್ಡ್ ನಿಲ್ಲಿಸಿ ತಿಂಗಳುಗಳಾದರೂ ತೊಂದರೆ ಮರುಕಳಿಸಿಲ್ಲ. ಕಾಯಿಸಿದ ಹಾಲಿಗೆ ಮನೆಯಲ್ಲೇ ಹೆಪ್ಪು ಹಾಕಿದ ತಾಜಾ ಮೊಸರನ್ನು ಇನ್ನು ಸ್ವಲ್ಪ ಸ್ವಲ್ಪ ಕೊಡಬಹುದು. ಅದರ ಮುಂದಿನ ಭಾನುವಾರ ಅವ್ವ ನನ್ನನ್ನು ಕರೆಸಿದಳು. ನನ್ನ ಹೆಪ್ಪಿನಿಂದಲೇ ಮೊಸರು ಮಾಡಿ, ಕಡೆದು, ಅಂಬಲಿ ಕಾಯಿಸಿ ಇಟ್ಟಿದ್ದಳು. ಮಂಜು ಚಾಪೆಯ ಮೇಲೆ ಕುಳಿತಿದ್ದ. ಅವ್ವ ಲೋಟ ತುಂಬಿ ನನ್ನ ಕೈಗಿತ್ತಳು.

'ಗಿರಿಜಾ, ನೀನೇ ಕೊಡು. ಅವನ ಮೈಯಾಗೆ ಇರೋದು ನಿನ್ನ ರಕ್ತ. ನಿನ್ನ ಹೆಪ್ಪಿನ ಮಜ್ಜಿಗೆ ನಿನ್ನ ಕೈಯಿಂದ್ಲೇ ಮೊದ್ಲು ಬೀಳ್ಲಿ.'

ರೂಪಾ ಅಡಿಗೆಮನೆಯ ಹೊಸ್ತಿಲಾಚೆ ನಿಂತಿದ್ದಳು. ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಿದ್ದಳು. ಗಂಡ ಅಂಬಲಿ ಕುಡಿಯುವುದನ್ನು ನೋಡಲು ಮುಖವರಳಿಸಿಕೊಂಡು ನಿಂತಿದ್ದಳು, ಅಸೂಯೆಯಿಲ್ಲ, ಸಿಟ್ಟಿಲ್ಲ. ಬೈದುಕೊಂಡು ನಿಂತಿದ್ದರೆ ನಾನು ಬಹುಶಃ ಅವತ್ತೂ ದಕ್ಕಿಸಿಕೊಳ್ಳುತ್ತಿದ್ದೆ.

'ಇದು ಮೊದಲ್ನೇದಲ್ಲವ್ವ' ಎಂದೆ.

'ಏನಂದೆ?'

ಲೋಟ ಕೆಳಗಿಟ್ಟೆ. ಎಲ್ಲವನ್ನೂ 'ಆಯಿತು' ಎನ್ನದೆ 'ಮಾಡಿದೆ, ಮಾಡಿದೆ' ಎಂದೇ ಹೇಳಿದೆ — ಕ್ಯಾನ್, ಈರುಳ್ಳಿ, ಚೀಲಕ್ಕೆ ಹಾಕಿಕೊಂಡ ಸಿಪ್ಪೆ, ಡಾಕ್ಟರು ಹೇಳಿದ್ದು, ಮೆಟ್ಟಿಲಿಳಿದು ನಾನು ಹೇಳದೆ ಬಿಟ್ಟದ್ದು, ನನ್ನ ಕಣಗಳ ಕೆಲಸ. ಅವ್ವ ಕಂಬಕ್ಕೊರಗಿ ಕುಳಿತಳು. ಮಂಜು ತಲೆ ಎತ್ತಲಿಲ್ಲ. 'ಅವ್ವ ಅಡಿಗೆ ಮಾಡ್ತಾಳೆ ಅಂದ್ರೆ ಇವ್ಳಿಗೆ ಆರಾಮಾತು ಅಂತ ತಿಳ್ಕಂಡಿದ್ದೆ' ಎಂದು ಗೊಣಗಿದ. ಗಂಡಸರ ಕಣ್ಣು!

ರೂಪಾ ಹೊಸ್ತಿಲು ದಾಟಿ ಬಂದಳು. ನಾನು ಅಂಬಲಿ ಕೊಟ್ಟದ್ದು ಅವಳಿಗೆ ಮುಖ್ಯವೇ ಆಗಲಿಲ್ಲ.

'ಊಟದಿಂದ ಅಲ್ಲ ಅಂದ್ರಾ ಡಾಕ್ಟ್ರು?'

'ಅಲ್ಲ ಅಂದ್ರು.'

'ನನ್ನ ಸೊಪ್ಪಿನ ಸಾರಿನಿಂದ್ಲೂ ಅಲ್ಲ?'

'ಅಲ್ಲ ಕಣೆ, ಯಾವುದ್ರಿಂದ್ಲೂ ಅಲ್ಲ.'

'ಅವತ್ತು ಸೊಪ್ಪನ್ನ ಎರಡು ಸಲ ತೊಳ್ದಿದ್ದೆ ಅಕ್ಕ. ಮೂರು ಸಲ ತೊಳೀಬೇಕಿತ್ತು, ಮೂರನೇ ಸಲ ತೊಳೀಬೇಕಿತ್ತು ಅಂತ ಎರಡು ವರ್ಷ...' ಅಷ್ಟು ಹೇಳಿ ಅವಳು ನೆಲದ ಮೇಲೆ ಕುಳಿತು ಗಟ್ಟಿಯಾಗಿ ಅತ್ತಳು. ಆಸ್ಪತ್ರೆಯಲ್ಲೂ ಅವಳು ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ. ನಾನು ಭುಜ ಮುಟ್ಟಲು ಹೋದರೆ ಕೈ ತಳ್ಳಿದಳು. ತಳ್ಳಬೇಕಾದ್ದೇ. ಅವತ್ತು ಆ ಅಂಬಲಿಯನ್ನು ಯಾರೂ ಕುಡಿಯಲಿಲ್ಲ.

ಒಂದು ವಿಷಯ ಮುಚ್ಚಿಡದೆ ಹೇಳುತ್ತೇನೆ. ಅವಳು ಅಳುತ್ತಿರುವಾಗಲೇ ನನಗೆ ಎದೆ ಹಗುರಾಗಿತ್ತು. ನಾಚಿಕೆಗೇಡು ಅನ್ನಿಸಿದರೂ ಹೌದು, ಹಗುರಾಗಿತ್ತು. ಎರಡು ವರ್ಷದಿಂದ ಮಜ್ಜಿಗೆ ಕಡೆಯುವಾಗೆಲ್ಲ ನೆನಪಿಗೆ ಬರುತ್ತಿದ್ದದ್ದು ಹೊರಗೆ ಬಿದ್ದಿತ್ತು.

ಸಂಜೆ ನಾನು ಬಸ್ಸಿಗೆ ಹೊರಟಾಗ ರೂಪಾ ಬಾಗಿಲಿಗೆ ಬಂದಳು. ಕಣ್ಣು ಊದಿತ್ತು, ದನಿ ಗಟ್ಟಿಯಿತ್ತು. 'ಇಲ್ಲಿ ನಾಕು ಗೋಡೆ ಮಧ್ಯ ಹೇಳಿದ್ರೆ ಸಾಲ್ದು ಅಕ್ಕ. ಹೊಳಲ್ಕೆರೆಗೆ ಬಂದು ನಮ್ಮವ್ವನ ಮುಂದೆ ಹೇಳ್ರಿ.'

'ಹೇಳ್ತೀನಿ. ಬರೋ ಭಾನುವಾರ ಹೋಗಾಣ' ಎಂದೆ.

ಹೋದೆವು. ನಾನು ಹಿಂದಿನ ದಿನವೇ ದುರ್ಗಕ್ಕೆ ಬಂದಿದ್ದೆ, ಬೆಳಗ್ಗೆ ನಾಲ್ವರೂ ಒಟ್ಟಿಗೆ ಹೊರಟೆವು — ಮಂಜು ಕೆಲಸ ಮಾಡಿದ ಅದೇ ಬಸ್ಸು. ಅವನು ಮಾಸ್ಕ್ ಹಾಕಿ ಕಿಟಕಿ ಪಕ್ಕ ಕುಳಿತಿದ್ದ. ರೂಪಾ ಅವನ ಪಕ್ಕ, ನಾನು ಮತ್ತು ಅವ್ವ ಹಿಂದೆ. ಹೊಳಲ್ಕೆರೆ ಹತ್ತಿರ ಬಂದಾಗ ಮಂಜು ಮಾಸ್ಕ್ ಕೆಳಗೆಳೆದು, ಈಗಿನ ಕಂಡಕ್ಟರಿಗಿಂತ ಮೊದಲೇ 'ಹೊಳಲ್ಕೆರೆ, ಯಾರ್ರೀ ಹೊಳಲ್ಕೆರೆ, ಇಳೀರಿ ಇಳೀರಿ!' ಎಂದ. ಹಳೆಯ ಗಂಟಲಲ್ಲ, ಮುಂದಿನ ಎರಡು ಸೀಟಿಗೆ ಮಾತ್ರ ಕೇಳಿಸಿತು. ಆದರೂ ರೂಪಾ ನಕ್ಕಳು, ಡ್ರೈವರ್ ಹಾರ್ನ್ ಹೊಡೆದ. ಕೂಗಿದ ಮೇಲೆ ಮಂಜು ಕೆಮ್ಮಲಿಲ್ಲ. ನಾನು ಆ ಕೆಮ್ಮನ್ನೇ ಕಾಯುತ್ತಿದ್ದೆ.

ರೂಪಾಳ ತಾಯಿ ಬಾಗಿಲಲ್ಲಿ ನಿಂತಿದ್ದರು. 'ಬರ್ರಿ, ಕುಂತ್ಕಳ್ರಿ' ಎಂದರು. ನಾನು ಕೂರಲಿಲ್ಲ. ಚಪ್ಪಲಿ ಬಿಟ್ಟು, ನಿಂತುಕೊಂಡೇ, ನನ್ನ ಹೆಸರು ಹಿಡಿದು ಎಲ್ಲವನ್ನೂ ಹೇಳಿದೆ. ಪಕ್ಕದ ಮನೆಯ ಹೆಂಗಸು ಕಾಂಪೌಂಡಿನ ಮೇಲೆ ಕೈಯಿಟ್ಟು ಕೇಳುತ್ತಿದ್ದಳು. ಕೇಳಲಿ ಎಂದು ದನಿ ತಗ್ಗಿಸಲಿಲ್ಲ. ನಾನು ಮುಗಿಸಿದ ಮೇಲೆ ಅವ್ವ, 'ಫೋನ್ನಾಗೆ ಆಡಿದ ಮಾತು ನನ್ನದು ಬೀಗಿತಿ. ನನ್ನದೂ ತಪ್ಪೈತೆ' ಎಂದು ಕೈ ಮುಗಿದಳು.

ರೂಪಾಳ ತಾಯಿ ನನ್ನ ಕಡೆ ತಿರುಗಿದರು.

'ಹೊಸದುರ್ಗದಿಂದ ಹೊಳಲ್ಕೆರೆಗೆ ಒಂದು ತಾಸಿನ ದಾರಿ' ಎಂದರು. 'ನಿಮಗೆ ಎರಡು ವರ್ಷ ಹಿಡೀತಾ ಇಲ್ಲಿ ಬಂದು ಮುಟ್ಟಾಕೆ?'

ಅವರು ಬೈಯಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. 'ಬಂದೀರಲ್ಲ, ಊಟ ಮಾಡ್ರಿ' ಎಂದು ಒಳಗೆ ಹೋದರು. ಅವರ ಮನೆಯ ಹೆಪ್ಪಿನ ತಾಜಾ ಮೊಸರಿತ್ತು. ಅಂಬಲಿ ಕಾಯಿಸಿ ಆರಿಸಿಟ್ಟಿದ್ದರು. ಮಗಳು ಮೊದಲೇ ಫೋನಿನಲ್ಲಿ ಹೇಳಿದ್ದಳೆಂದು ಕಾಣುತ್ತದೆ. ಮಂಜುನ ಮುಂದೆ ಲೋಟ ಇಟ್ಟು, ಪಾತ್ರೆಯನ್ನೂ ಸೌಟನ್ನೂ ಮಗಳ ಕಡೆ ಸರಿಸಿದರು. ಅವ್ವ ಗೋಡೆಗೊರಗಿ ಕುಳಿತು, 'ಬಡಿಸವ್ವ' ಎಂದಳು.

ರೂಪಾ ಹಿತ್ತಲಿನ ನಲ್ಲಿಗೆ ಹೋದಳು. ನನಗೆ ಕುಳಿತಲ್ಲಿಂದಲೇ ಕಾಣುತ್ತಿತ್ತು. ಕೈ ತೊಳೆದಳು, ಒರೆಸಿಕೊಂಡಳು. ಮೂಗಿನ ಹತ್ತಿರ ಎತ್ತಿದಳು, ಮೂಸದೆ ಹಾಗೇ ಕೆಳಗಿಳಿಸಿದಳು. ಒಳಗೆ ಬಂದು ಗಂಡನ ಲೋಟಕ್ಕೆ ಅಂಬಲಿ ಬಡಿಸಿದಳು. ಅವನು ಕುಡಿದ. ಆಮೇಲೆ ನನ್ನ ಮುಂದೆಯೂ ಒಂದು ಲೋಟ ಇಟ್ಟಳು. ಮುಖ ನೋಡಲಿಲ್ಲ. ಇವತ್ತಿಗೂ ನನ್ನ ಜೊತೆ ಎಷ್ಟು ಬೇಕೋ ಅಷ್ಟೇ ಮಾತಾಡುತ್ತಾಳೆ, ಅದು ಅವಳ ಹಕ್ಕು. ಅವಳು ಎಷ್ಟು ದಿನ ಬೇಕೆಂದರೂ ನಾನು ಕಾಯುತ್ತೇನೆ. ಅಕ್ಕ ಜೀವ ಕೊಟ್ಟಳು ಎಂದು ಯಾರಾದರೂ ಹೊಗಳಲು ಶುರುಮಾಡಿದರೆ, ಈ ಕಥೆಯನ್ನೂ ಪೂರ್ತಿ ಹೇಳಿಯೇ ಏಳುತ್ತೇನೆ.

ಅವತ್ತು ಅವಳು ಕೈ ತೊಳೆದದ್ದು ಒಂದೇ ಸಲ.